ವಾಲಿದ ಕಾರಿನ ಅಂಕಲ್

ಹೋದ ವಾರ ಗ್ಯಾರೇಜಿನವನು ಹೊಸ ಶಾಕ್ ಅಬ್ಸಾರ್ಬರಿನ ಡಬ್ಬ ಒಡೆದ. ರಬ್ಬರ್, ಎಣ್ಣೆ, ಹಸಿ ಬಣ್ಣ ಮೂರೂ ಕಲೆಸಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅಂಕಲ್ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ಅಳೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು...

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟು ಪುಕ್ಕಲಿ. ಕುಕ್ಕರ್ ಸೀಟಿ ಹೊಡೆಯುವುದು ಸ್ವಲ್ಪ ತಡವಾದರೂ ಒಲೆ ಆರಿಸಿ ಹಿತ್ತಲಿಗೆ ಓಡುವವಳು. "ನೀನು ಉಣ್ಣೋಕ್ ಮುಂಚೇನೇ ಅಜೀರ್ಣ ಮಾಡ್ಕೊಳ್ಳೋಳು" ಎಂದು ನಮ್ಮೆಜಮಾನರು ಆಡಿಕೊಳ್ಳುತ್ತಾರೆ. ಅಂಥವಳನ್ನು ಅಂಕಲ್ ತಮ್ಮ ಕಾರಿನ ರಗಳೆಗೆ ಎಳೆದುಕೊಂಡದ್ದು ನನ್ನ ಗ್ರಹಚಾರ.

ಅವರು ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ದುಡಿದು ನಿವೃತ್ತರಾದವರು. ವಿಜಯನಗರದಲ್ಲಿ ನಮ್ಮ ಮನೆಗೆ ಎದುರಾಗಿ ಮನೆ ಕಟ್ಟಿಸಿಕೊಂಡಿದ್ದರು. ಆಸೆಪಟ್ಟು ಜೀಪಿನಂಥ ಎತ್ತರದ ಕಾರು ತಂದರು. ಅದೇ ಹೊತ್ತಿಗೆ ಸರಿಯಾಗಿ ಆಂಟಿಯ ಮಂಡಿಗಳು ಕೈಕೊಟ್ಟವು. ನಡೆಯುತ್ತಿದ್ದರು, ಆದರೆ ಕಾಲು ಎತ್ತಿ ಹತ್ತಲು ಆಗುತ್ತಿರಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತು, ಸೀಟನ್ನು ನೋಡಿ, ತಿರುಗಿ ಮನೆಯೊಳಗೆ ಹೋಗಿಬಿಡುತ್ತಿದ್ದರು.

ಆಂಟಿಯ ತಂಗಿ ಬನ್ನಿಮಂಟಪದಲ್ಲಿ ಹಾಸಿಗೆ ಹಿಡಿದಿದ್ದರು. ಒಂದೇ ಊರು, ಆದರೂ ಅಕ್ಕತಂಗಿ ಮುಖ ನೋಡಿ ವರ್ಷವಾಗಿತ್ತು. ದಿನಾ ಬೆಳಿಗ್ಗೆ ಫೋನಿನಲ್ಲಿ "ಈ ಭಾನ್ವಾರ ಬಂದೇಬುಡ್ತೀನಿ ಕಣೇ" ಎನ್ನುವುದು ನಮ್ಮ ಮನೆಯ ಜಗಲಿಗೂ ಕೇಳಿಸುತ್ತಿತ್ತು. ಭಾನುವಾರಗಳು ಬರುತ್ತಿದ್ದವು, ಆಂಟಿ ಹೊರಡುತ್ತಿರಲಿಲ್ಲ. ಬಾಡಿಗೆ ಕಾರು ಕರೆಸಿದರೆ ಅದು ತೀರಾ ತಗ್ಗು, ಕೂತರೆ ಏಳಲಾಗದು. ಆಟೋದ ಕುಲುಕಾಟಕ್ಕೆ ಮಂಡಿ ಜೀವ ಹೋಗುವಷ್ಟು ನೋಯುತ್ತಿತ್ತು. ಮಣೆ ಇಟ್ಟು ಹತ್ತಿಸಲು ಹೋಗಿ ಒಮ್ಮೆ ಜಾರಿದ್ದರು. ಇಬ್ಬರು ಹಿಡಿದು ಎತ್ತಿ ಕೂರಿಸೋಣವೆಂದರೆ ಆಂಟಿ ಸುತರಾಂ ಒಪ್ಪಲಿಲ್ಲ. "ನಾನೇನು ಗ್ಯಾಸ್ ಸಿಲಿಂಡರಾ?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಆಗ ಅಂಕಲ್ಲಿಗೆ ಹೊಳೆದದ್ದು ಕಾರನ್ನೇ ತಗ್ಗಿಸುವ ಯೋಚನೆ. ಗಾಡಿ ನೆಲಕ್ಕೆ ಹತ್ತಿರವಿದ್ದರೆ ಚೆಂದ ಎಂದು ಹುಡುಗರು ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕು ಹಾಕಿಸುತ್ತಾರಲ್ಲ, ಆ ಅಂಗಡಿಗೆ ಅರವತ್ತು ದಾಟಿದ ಇವರು ಹೋಗಿ ಕೂತರು. ಕಾರು ವಾಪಸ್ ಬಂದ ದಿನ ಬೀದಿಯ ಪಡ್ಡೆಗಳೆಲ್ಲ "ಸಖತ್ ಅಂಕಲ್!" ಎಂದು ಶಿಳ್ಳೆ ಹೊಡೆದವು. ಅಂಕಲ್ ನಾಚಿಕೊಂಡೇ ಬೀಗಿದರು. ಆಮೇಲೆ ಬಲಗಡೆ ಮುಂದಿನ ಚಕ್ರದ ಮೇಲೆ ಬೆರಳು ಇಟ್ಟರು. ಮೊದಲು ಐದು ಬೆರಳು ಹೋಗುತ್ತಿದ್ದ ಜಾಗದಲ್ಲಿ ಈಗ ಮೂರು. ಎಡಗಡೆಗೆ ಬಂದು ಬೆರಳು ಇಟ್ಟರು. ಐದೂ ಆರಾಮಾಗಿ ಒಳಗೆ ಹೋದವು...

ಎಡಗಡೆಯೇ ಆಂಟಿ ಕೂರುವ ಕಡೆ. ಮದುವೆಯಾದಾಗಿನಿಂದ ಸ್ಕೂಟರ್ ಆದರೆ ಹಿಂದೆ, ಕಾರಾದರೆ ಪಕ್ಕದಲ್ಲಿ. ಬೇರೆ ಜಾಗವೇ ಅವರಿಗೆ ಗೊತ್ತಿರಲಿಲ್ಲ.

ಆಂಟಿಯದೂ ನನ್ನದೂ ಒಂದೇ ಎತ್ತರ. ಹಾಗಾಗಿ ಅಳತೆಗೋಲು ನಾನಾದೆ. "ಒಂದ್ಸಲ ಹತ್ತಿ ಇಳೀ ನೋಡವ್ವ, ಮಂಡಿ ಬಗ್ಗಿಸ್ದೆ" ಎನ್ನುತ್ತಿದ್ದರು. ಎಡಗಡೆ ಹತ್ತಲು ಹೋದರೆ ನನಗೇ ಕಷ್ಟ. ಬೀದಿಯವರು ಗೇಟಿನಿಂದ ಇಣುಕುತ್ತಿದ್ದರು, ನನಗೆ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಸದ್ದು ನನ್ನ ನಿದ್ದೆ ಕೆಡಿಸಿತ್ತು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಎಡಗಡೆಯಿಂದ ಟಕ್ ಎನ್ನುತ್ತಿತ್ತು.

"ಅಂಕಲ್, ಸ್ಪ್ರಿಂಗ್ ಹಾರಿ ಆಚೆ ಬಂದ್ರೆ?"

"ಹೊಸ್ದು ಕಣಮ್ಮ. ಓಡಿಸ್ತಾ ಓಡಿಸ್ತಾ ಕೂತ್ಕೋತದೆ ಅಂದವ್ರೆ ಅಂಗ್ಡಿಯೋರು."

ಅದು ಕೂರಲೆಂದು ಅವರು ಪಟ್ಟ ಪಾಡು ದೇವರಿಗೇ ಪ್ರೀತಿ. ಎಡಗಡೆಯ ಸೀಟಿನ ಮೇಲೆ ರುಬ್ಬುಗುಂಡು ಇಟ್ಟು, ಅದಕ್ಕೆ ಬೆಲ್ಟು ಹಾಕಿ, ದಿನಾ ಬೆಳಿಗ್ಗೆ ರಿಂಗ್ ರಸ್ತೆಗೆ ಹೊರಡುತ್ತಿದ್ದರು. ಬಂದವರೇ ಮತ್ತೆ ಬೆರಳು ಇಡುತ್ತಿದ್ದರು. ಐದೇ. ಬೆರಳು ಹೊರಗೆಳೆದು ಸುಮ್ಮನೆ ಅವನ್ನೇ ನೋಡುತ್ತಿದ್ದರು. ಆಂಟಿ ಬಲಗಡೆಯಿಂದ ಹಿಂದಿನ ಸೀಟಿಗೆ ಹತ್ತಬಹುದೆಂದು ನಮಗ್ಯಾರಿಗೂ ತೋಚಲಿಲ್ಲ ಅಂದರೆ ನೀವು ನಗುತ್ತೀರಿ. ಅಷ್ಟೊಂದು ಗಾಬರಿಯಲ್ಲಿ ನಮ್ಮೆಲ್ಲರ ಕಣ್ಣೂ ಆ ಎಡಗಡೆಯ ಚಕ್ರಕ್ಕೇ ಅಂಟಿಕೊಂಡಿತ್ತು.

ಒಂದು ಬೆಳಿಗ್ಗೆ ಬನ್ನಿಮಂಟಪದಿಂದ ಫೋನ್ ಬಂತು. ತಂಗಿ ಗಂಜಿಯನ್ನೂ ಬೇಡವೆಂದಿದ್ದರಂತೆ. ಆಂಟಿ ಚಪ್ಪಲಿ ಮೆಟ್ಟಿ ಗೇಟಿಗೆ ಬಂದರು. ಅಂಕಲ್ ಆಗಲೂ ಚಕ್ರದ ಮುಂದೆಯೇ ಕೂತಿದ್ದರು.

"ನಿಮ್ ಸ್ಪ್ರಿಂಗು ಕೂರೋ ಹೊತ್ಗೆ ಅವ್ಳು ಹೊಂಟೋಯ್ತಾಳೆ. ಆ ಕಡೆ ಬಾಗ್ಲಿಲ್ವೇನ್ರೀ?"

"ವಾಲಿರೋ ಗಾಡೀಲಿ ನಿನ್ನ ಕೂರಿಸ್ಕೊಂಡು... ಏನಾದ್ರೂ ಆಗ್ಬುಟ್ರೆ?"

ಆಂಟಿ ಸುತ್ತಿ ಬಲಗಡೆಗೆ ಹೋದರು, ಹಿಂದಿನ ಬಾಗಿಲು ತೆಗೆದರು, ಒಳಗೆ ಹತ್ತಿ ಕೂತರು. ಯಾರೂ ಕೈಹಿಡಿಯಲಿಲ್ಲ. ಅಂಕಲ್ ರುಬ್ಬುಗುಂಡು ಇಳಿಸಿ ನನ್ನ ಮುಖ ನೋಡಿದರು. ಎಡಗಡೆಗೆ ಭಾರ ಬೇಕಿತ್ತಲ್ಲ, ಗುಂಡಿನ ಜಾಗಕ್ಕೆ ನಾನು ಹೋಗಿ ಕೂತೆ.

ಆ ಪ್ರಯಾಣ ನೆನೆಸಿಕೊಂಡರೆ ಈಗಲೂ ಅಂಗೈ ಬೆವರುತ್ತದೆ. ಪ್ರತಿ ತಿರುವಿಗೂ ಟಕ್. ಹಂಪ್ ಕಂಡರೆ ಅಂಕಲ್ ಬ್ರೇಕ್ ಒತ್ತುವ ಮುಂಚೆ ನಾನು ಕಾಲು ಒತ್ತುತ್ತಿದ್ದೆ. ಹಿಂದಿನಿಂದ ಬಂದವರು ಹಾರನ್ ಹೊಡೆದು ಬೈದು ಹೋದರು. ಅಂಕಲ್ಲಿನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಆಂಟಿ ಒಬ್ಬರೇ ನೆಟ್ಟಗೆ ಕೂತಿದ್ದರು.

ತಲುಪಿದೆವು. ಉಸಿರು ಬಿಟ್ಟು ತಲೆ ಎತ್ತಿ ನೋಡಿದರೆ, ಆ ಮನೆಗೆ ಮೆಟ್ಟಿಲು! ಹಳೇ ಕಾಲದ ಕಲ್ಲಿನ ಮೆಟ್ಟಿಲು, ಒಂದೊಂದೂ ಮೊಣಕಾಲಿನವರೆಗೆ. ಎಷ್ಟು ವರ್ಷ ಹತ್ತಿ ಇಳಿದಿದ್ದರೋ, ಕಾರಿನ ಚಿಂತೆಯಲ್ಲಿ ಅದು ಯಾರಿಗೂ ನೆನಪಾಗಿರಲಿಲ್ಲ. ಅಂಕಲ್ ಸ್ಟೇರಿಂಗ್ ಮೇಲೆ ಹಣೆ ಇಟ್ಟುಬಿಟ್ಟರು. "ಮೆಟ್ಲು ಮರ್ತೇಬುಟ್ನಲ್ಲವ್ವ..." ಎಂದರು. ನನಗೆ ಅಳು ಬಂತು.

ಆಮೇಲೆ ಅವರು ತಲೆ ಎತ್ತಿ ಮನೆಯ ಗೋಡೆ ನೋಡಿದರು. ಗಲ್ಲಿಗೆ ತಾಗಿಕೊಂಡೇ ಒಂದು ಕಿಟಕಿ ಇತ್ತು, ಆದರೆ ಅದು ಕಾರಿನ ಎಡಕ್ಕೆ, ಆಂಟಿ ಕೂತದ್ದು ಬಲಕ್ಕೆ. ನನ್ನನ್ನು ಇಳಿಸಿ, ಗಲ್ಲಿಯಿಂದ ಕಾರು ಹೊರಗೆ ತಂದು, ರಿವರ್ಸಿನಲ್ಲಿ ಮತ್ತೆ ಒಳಗೆ ಬಿಟ್ಟರು. ಕನ್ನಡಿ ಮಡಚಿ, ಬಲಗಡೆಯನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದರು. ಒಳಗೆ ತಂಗಿಯ ಸೊಸೆ ಅವರ ಮಂಚವನ್ನು ಕಿಟಕಿಗೆ ಎಳೆದಳು. ಕಾರಿನ ಕಿಟಕಿಯೂ ಮನೆಯ ಕಿಟಕಿಯೂ ಎದುರುಬದುರಾದವು. ಅಕ್ಕ ಸರಳಿನೊಳಗೆ ಕೈ ಹಾಕಿ ತಂಗಿಯ ಕೆನ್ನೆ ಸವರಿದರು. "ಏನೇ ಇಷ್ಟು ಒಣಗೋಗಿದೀಯಾ" ಎಂದು ಬೈದರು. ಆಮೇಲೆ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು.

ಅಂಕಲ್ಲಿಗೆ ತಮ್ಮ ಬಾಗಿಲು ತೆಗೆಯಲು ಜಾಗವಿರಲಿಲ್ಲ. ಗೇರು ದಾಟಿ ಎಡಗಡೆಯಿಂದ ತೂರಿಕೊಂಡು ಇಳಿದರು. ಅಕ್ಕತಂಗಿ ಮಾತಿಗೆ ನಾವ್ಯಾಕೆ ಎಂದು ಗಲ್ಲಿಯ ಬಾಯಲ್ಲಿ ಹೊಂಗೆಮರದ ಕೆಳಗೆ ಹೋಗಿ ನಿಂತರು.

ಆ ವಾರವೇ ಅಂಗಡಿಯಲ್ಲಿ ಚಕ್ರ ಬಿಚ್ಚಿಸಿದಾಗ, ಎಡಗಡೆಯ ಸ್ಪ್ರಿಂಗಿನ ತುದಿ ಅದರ ಗುಳಿಯಲ್ಲಿ ಕೂತೇ ಇಲ್ಲವೆಂದು ಗೊತ್ತಾಯಿತು. ಸರಿ ಕೂರಿಸಿದರು. ಕಾರು ಸಮವಾಯಿತು, ಸದ್ದೂ ನಿಂತಿತು. ಭಾನುವಾರ ತಪ್ಪದೆ ಹೋಗುತ್ತಿದ್ದರು. ತಂಗಿ ಗಂಜಿ ಕುಡಿಯಲು ಶುರುಮಾಡಿದರು, ಮಾತಿಗೆ ಚುರುಕಾದರು. ಅಂಕಲ್ ಮಾತ್ರ ಮರದ ಕೆಳಗೇ.

ನಾಳೆ ಸಾಯುತ್ತಾರೆ ಎಂದು ನಾವು ಹೆದರಿದ್ದ ತಂಗಿ ಇವತ್ತಿಗೂ ಇದ್ದಾರೆ. ಅಂಕಲ್ ಹೋಗಿಬಿಟ್ಟರು. ಬೆಳಿಗ್ಗೆ ಪೇಪರ್ ಓದುತ್ತಾ ಕೂತವರು ಹಾಗೇ... ನಾನು ಇಷ್ಟೆಲ್ಲಕ್ಕೆ ಹೆದರುವವಳು, ಅದಕ್ಕೆ ಮಾತ್ರ ಹೆದರಿರಲಿಲ್ಲ.

ಅವರ ಮಗಳಿಗೆ ಡ್ರೈವಿಂಗ್ ಬರುವುದಿಲ್ಲ. ನನಗೆ ಹೇಗೋ ಬರುತ್ತದೆಂದು ಕಾರಿನ ಕೀ ನನ್ನ ಕೈಗೆ ಕೊಟ್ಟಳು. ಈಗ ಭಾನುವಾರ ಆಂಟಿಯನ್ನು ಕರೆದುಕೊಂಡು ಹೋಗುವುದು ನಾನು. ತಂಗಿಗೆ ವಿಷಯ ಹೇಳಿಲ್ಲ. ಆ ಜೀವ ತಡೆಯುವುದಿಲ್ಲ ಎಂದು ಆಂಟಿಯ ಹಠ. ಅಂಕಲ್ ಕಣ್ಣಿಗೆ ಆಪರೇಷನ್ ಆಗಿದೆ, ಗಾಡಿ ಓಡಿಸುವಂತಿಲ್ಲ ಎಂದು ನಾವು ಕಟ್ಟಿದ ಕಥೆ. "ಭಾವ ಎಲ್ಲಕ್ಕ?" ಎಂದು ಅವರು ಕೇಳಿದಾಗಲೆಲ್ಲ ನನ್ನ ಎದೆ ಡವಗುಟ್ಟುತ್ತದೆ. "ಅಲ್ಲೇ, ಮರದ್ ಕೆಳ್ಗೆ ನಿಂತವ್ರೆ ಕಣೇ" ಎಂದು ಆಂಟಿ ಕಣ್ಣು ಮಿಟುಕಿಸದೆ ಹೇಳುತ್ತಾರೆ.

ಮೊನ್ನೆ ಭಾನುವಾರ ಬಿಸಿಲು ಜೋರಾಗಿತ್ತು. ತಂಗಿ ಸೊಸೆಗೆ ಹೇಳಿ ಮಜ್ಜಿಗೆ ಮಾಡಿಸಿದ್ದರು. ಲೋಟವನ್ನು ಸರಳಿನಾಚೆಗೆ ಚಾಚಿ, "ಬಿಸ್ಲಲ್ಲಿ ನಿಂತವ್ರೆ, ಭಾವಂಗೆ ಕೊಟ್ಬುಡಮ್ಮ" ಎಂದರು. ಆಂಟಿ ನನ್ನ ಕಡೆ ನೋಡಲಿಲ್ಲ. ಲೋಟ ಇಸಿದುಕೊಂಡು ನನಗೆ ದಾಟಿಸಿದರು. ನಾನು ಗೇರು ದಾಟಿ, ಎಡಗಡೆಯಿಂದ ಇಳಿದು, ಚೆಲ್ಲದಂತೆ ಹಿಡಿದುಕೊಂಡು ಮರದ ತನಕ ಹೋದೆ. ಅಲ್ಲಿ ಯಾರಿದ್ದಾರೆ? ನೆಲದ ಮೇಲೆ ಹೊಂಗೆಯ ಹೂ ಉದುರಿತ್ತು, ಅಷ್ಟೆ. ಚೆಲ್ಲಿಬಿಡೋಣ ಎನ್ನಿಸಿತು, ಮನಸ್ಸು ಬರಲಿಲ್ಲ. ನಿಂತೇ ಕುಡಿದೆ. ಪೂರ್ತಿ ಕುಡಿದೆ.

ಖಾಲಿ ಲೋಟ ವಾಪಸ್ ಕೊಟ್ಟಾಗ ತಂಗಿ ಅದರೊಳಗೆ ಇಣುಕಿ ನೋಡಿದರು. "ಇನ್ನೊಂಚೂರು ಬೇಕಂತಾ ಕೇಳ್ದ್ಯಾ?" ಎಂದರು.

"ಸಾಕಂತೆ," ಎಂದೆ.