ಡಬ್ಬದ ಹಿಂದಿನ ಸ್ಲೇಟು

ನಮ್ಮ ಅತ್ತಿಗೆ ಮಾತಿನ ಮಲ್ಲಿ. ಅಂಥವಳು ಪರದೇಶದಲ್ಲಿ ಒಂಬತ್ತು ವರ್ಷ, ಲಕ್ವ ಹೊಡೆದು ಮಾತು ನಿಂತ ಮುದುಕಿಯೊಬ್ಬಳ ಸೇವೆ ಮಾಡಿದಳು. ನೀರು ಬೇಕೋ, ಮಗ್ಗುಲು ಬದಲಿಸಬೇಕೋ ಎನ್ನುವುದನ್ನು ಮುದುಕಿಯ ಕಣ್ಣು ಎತ್ತ ಹೋಗುತ್ತದೆ ಎಂದು ನೋಡಿಯೇ ತಿಳಿಯಬೇಕಿತ್ತು. "ಬಾಯಿ ಸುಳ್ಳು ಹೇಳಬಹುದು, ಕಣ್ಣು ಹೇಳಲ್ಲ ಕಣೇ" ಎನ್ನುತ್ತಿದ್ದಳು.

ಬಣ್ಣ ಬಳಿಯುವ ನಮ್ಮಣ್ಣ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರಿಂದ ಅವಳು ಹೋದದ್ದು. ಮಗಳಿಗೆ ಆಗ ನಾಲ್ಕು ವರ್ಷ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದ ನನ್ನ ಮಡಿಲಿಗೆ ಅವಳನ್ನು ಹಾಕಿ, "ನನ್ನನ್ನ ಮರೀದ ಹಾಗೆ ನೋಡ್ಕೋ" ಎಂದಳು. ಊಟದ ಬಗ್ಗೆ, ಸ್ಕೂಲಿನ ಬಗ್ಗೆ ಒಂದು ಮಾತಿಲ್ಲ. ನಾನೂ ಅದೊಂದನ್ನೇ ತಲೆಗೆ ಹಚ್ಚಿಕೊಂಡೆ.

ಭಾನುವಾರ ಮಧ್ಯಾಹ್ನ ಮುದುಕಿ ನಿದ್ದೆ ಹೋದಾಗ ಅತ್ತಿಗೆಯ ವಿಡಿಯೋ ಕಾಲ್ ಬರುತ್ತಿತ್ತು. ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ ಮಗುವನ್ನು ಎದುರಿಗೆ ಕೂರಿಸುತ್ತಿದ್ದೆ. ಮೊದಮೊದಲು ಬಾಯಿ ತುಂಬ ಮಾತಾಡುತ್ತಿತ್ತು. ಬರಬರುತ್ತ ಎರಡೇ ನಿಮಿಷಕ್ಕೆ ಏಳಲು ನೋಡತೊಡಗಿತು. ಓದಲು ಬಂದ ಮೇಲೆ ನನಗೊಂದು ಉಪಾಯ ಹೊಳೆಯಿತು. ಡಬ್ಬದ ಹಿಂದೆ ನಿಂತು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ: "ಅಮ್ಮ, ಬೆನ್ನು ನೋವು ಹೇಗಿದೆ?" ಹುಡುಗಿ ಓದುತ್ತಿದ್ದಳು, ಅತ್ತಿಗೆಯ ಮುಖ ಅರಳುತ್ತಿತ್ತು. ಅಷ್ಟು ಸಣ್ಣ ಪರದೆಯಲ್ಲಿ ಮಗಳ ಕಣ್ಣು ಎತ್ತ ಹೋಗುತ್ತಿದೆ ಎಂದು ಅವಳಿಗೆ ಕಾಣಲಿಲ್ಲ. ಅಣ್ಣ ಮಂಚದಿಂದಲೇ, "ನೀನೊಂದು ನಾಟಕದ ಕಂಪನಿ ಇಡು" ಎಂದು ಛೇಡಿಸುತ್ತಿದ್ದ. ನಾನು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಹೋದ ವರ್ಷ ಒಂದು ಭಾನುವಾರ ಅತ್ತಿಗೆ ಬಾಡಿಹೋಗಿದ್ದಳು. ನೋಡಲಾಗದೆ ಸ್ಲೇಟು ಎತ್ತಿಕೊಂಡೆ. "ಬಂದ್ಬಿಡಮ್ಮ, ನೀನಿಲ್ದೆ ಆಗಲ್ಲ" ಎಂದು ಬರೆದೆ. ಹುಡುಗಿ ತಡವರಿಸದೆ ಓದಿದಳು. ತಿಂಗಳೊಳಗೆ ಅತ್ತಿಗೆ ಕೆಲಸ ಬಿಟ್ಟು, ಎರಡು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮಗಳು ಕರೆದ್ಲು, ಬಂದೆ" ಎಂದಳು.

ಹದಿಮೂರರ ಹುಡುಗಿ ನೆಂಟರಿಗೆ ಕೊಟ್ಟ ಹಾಗೆ ಅಮ್ಮನಿಗೆ ನೀರು ಕೊಟ್ಟಳು. "ಏನು ಅಡುಗೆ ಮಾಡ್ಲಿ?" ಎಂದರೆ ನನ್ನ ಮುಖ ನೋಡುತ್ತಿದ್ದಳು. "ನನ್ನ ಪಕ್ಕ ಮಲಗ್ತೀಯಾ?" ಎಂದರೂ ನನ್ನ ಮುಖ. ತಲೆ ಬಾಚಲು ಕೂರಿಸಿಕೊಂಡರೆ, "ಅತ್ತೆ ಬಾಚ್ತಾರೆ" ಎಂದು ಎದ್ದು ನನ್ನ ಹತ್ತಿರ ಬಂದಳು. ಆಗ ಒಳಗೊಳಗೇ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ನಾಚಿಕೆಯೂ ಆಯಿತು.

ಒಂಬತ್ತು ವರ್ಷ ಕಣ್ಣು ನೋಡಿ ಕೆಲಸ ಮಾಡಿದವಳಿಗೆ ಎಷ್ಟು ದಿನ ಬೇಕು? ಐದನೇ ದಿನ ಅಡುಗೆಮನೆಗೆ ಬಂದು, "ಅವಳು ನಿನ್ನ ಮುಖದಲ್ಲಿ ಏನು ಹುಡುಕ್ತಾಳೆ?" ಎಂದಳು. ನಾನು ಡಬ್ಬದ ಹಿಂದಿನಿಂದ ಸ್ಲೇಟು ತೆಗೆದು ಕೈಗೆ ಕೊಟ್ಟು, ಎಲ್ಲ ಹೇಳಿದೆ.

"ಎಲ್ಲಾನೂ ನೀನೇ ಬರೆದಿದ್ದಾ?"

"ಮೊದಮೊದಲು ಅವಳೇ ಮಾತಾಡ್ತಿದ್ಲು, ಅತ್ತಿಗೆ."

"ಬಂದ್ಬಿಡು ಅಂದಿದ್ದು?"

ನನ್ನ ಕಣ್ಣು ಸ್ಲೇಟಿನ ಕಡೆ ಹೋಯಿತು. ಅವಳು ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ಲೇಟನ್ನು ಅಂಗೈಯಿಂದ ಒರೆಸಿ ಇದ್ದಲ್ಲೇ ಇಟ್ಟಳು.

ಎರಡು ತಿಂಗಳಾದರೂ ಹುಡುಗಿಯ ಸಂಕೋಚ ಹೋಗಲಿಲ್ಲ. ಅಣ್ಣನ ಸೊಂಟವೂ ನೆಟ್ಟಗಾಗಲಿಲ್ಲ. ಅತ್ತಿಗೆ ಮತ್ತೆ ಹೊರಟಳು. ಈ ಸಲ ಬೇರೆ ಮನೆ, ಹಾಸಿಗೆ ಹಿಡಿದ ಬೇರೊಬ್ಬ ಮುದುಕ. ಹುಡುಗಿ ಒಂದು ಬ್ಯಾಗು ಹಿಡಿದು ಬಸ್ಸಿನ ತನಕ ಬಂದಳು, ಅಷ್ಟೇ.

ಇನ್ನು ನಾಟಕ ಸಾಕು ಎಂದು ನಾನು ಸ್ಲೇಟನ್ನು ಅಟ್ಟಕ್ಕೆ ಹಾಕಿದ್ದೆ. ಮೊದಲ ಭಾನುವಾರ ಹುಡುಗಿ ಫೋನಿನ ಮುಂದೆ ಉಗುರು ಕೀಳುತ್ತ ಸುಮ್ಮನೆ ಕೂತಳು. ಅತ್ತಿಗೆಯೂ ಸುಮ್ಮನೆ ಕಾದಳು. ಕೊನೆಗೆ, "ಸ್ಲೇಟು ಎಲ್ಲಿ?" ಎಂದಳು.

"ಎತ್ತಿಟ್ಟೆ ಅತ್ತಿಗೆ. ಇನ್ನು ಅದು ಬೇಡ."

"ತಗೊಂಡು ಬಾ. ಅಲ್ಲೇ ನಿಂತ್ಕೊಂಡು ಬರಿ."

"ಗೊತ್ತಿದ್ದೂ ಯಾಕೆ?"

"ಇಡೀ ವಾರ ಇಲ್ಲಿ ನನ್ನನ್ನ ಅಮ್ಮ ಅನ್ನೋರು ಯಾರಿದ್ದಾರೆ? ಬರಿ."

ಅಟ್ಟದಿಂದ ಸ್ಲೇಟು ಇಳಿಸಿ ತಂದು ಬರೆದೆ. ಹುಡುಗಿ ಓದಿದಳು, "ಅಮ್ಮ, ಊಟ ಆಯ್ತಾ?"

"ಆಯ್ತು ಕಂದ" ಎಂದಳು ಅತ್ತಿಗೆ, ಕಣ್ಣು ಮುಚ್ಚಿಕೊಂಡು.