ಬೆಕ್ಕಿಗೆ ಮಾಡಿದ ಸ್ಪ್ರಿಂಗು

ಧನಕವಡಿಯಲ್ಲಿ ಕಾಲೇಜು ಹುಡುಗರ ಪ್ರಾಜೆಕ್ಟುಗಳಿಗೆ ತ್ರೀಡಿ ಪ್ರಿಂಟ್ ತೆಗೆದುಕೊಡುವ ಅಂಗಡಿಯೊಂದರಲ್ಲಿ ಮಾಂತು ಕೆಲಸಕ್ಕಿದ್ದ. ಅವನ ಒಬ್ಬಳೇ ಮಗಳು ಸೋನಾಲಿ ಆ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ತೀರಿಕೊಂಡಳು. ಅವಳು ಸಾಕಿದ ಬೆಕ್ಕು ಅಂದಿನಿಂದ ಸರಿಯಾಗಿ ತಿನ್ನದೆ ಅವಳ ಹಾಸಿಗೆಯ ಮೇಲೆ ಮುದುಡಿ ಮಲಗಿರುತ್ತಿತ್ತು. ಹೀಗೇ ಬಿಟ್ಟರೆ ಇದೂ ಸತ್ತೀತು ಎಂದು ಮಾಂತುವಿಗೆ ಹೆದರಿಕೆಯಾಯಿತು.

ಒಂದು ಸಂಜೆ ಅವನು ಪ್ರಿಂಟರಿಗೆ ಹಾಕಿ ಉಳಿದಿದ್ದ ಹಳದಿ ಪ್ಲಾಸ್ಟಿಕ್ ಎಳೆಯ ತುಂಡುಗಳನ್ನು ಮನೆಗೆ ತಂದ. ಒಂದು ಎಳೆಯನ್ನು ಪೆನ್ಸಿಲ್ಲಿಗೆ ಒತ್ತಾಗಿ ಸುತ್ತಿ, ಬಿಸಿನೀರಿನಲ್ಲಿ ಅದ್ದಿ, ತಣ್ಣೀರಿಗೆ ಹಾಕಿದ. ಪೆನ್ಸಿಲ್ಲು ತೆಗೆದರೂ ಸುರುಳಿ ಬಿಚ್ಚಲಿಲ್ಲ. ನೆಲಕ್ಕೆಸೆದಾಗ ಆ ಸ್ಪ್ರಿಂಗು ಟಕಟಕ ಪುಟಿಯಿತು. ಬೆಕ್ಕು ಕಿವಿ ನಿಮಿರಿಸಿತು, ಕೆಳಗಿಳಿದು ಬಂತು, ಪಂಜದಿಂದ ಬಡಿದು ಬಡಿದು ಅದನ್ನು ಮನೆತುಂಬ ಅಟ್ಟಾಡಿಸಿತು. ಎಷ್ಟೋ ದಿನಗಳ ಮೇಲೆ ಮಾಂತು ನಕ್ಕ.

ಹೆಂಡತಿ ದೀಪಾಲಿ ಅಡುಗೆಮನೆಯಿಂದ ಬಂದು ಬಾಗಿಲಲ್ಲೇ ನಿಂತಳು.

"ಅದನ್ನ ನಿಲ್ಲಸ್ರಿ," ಎಂದಳು.

"ಆಡ್ಲಿ ಬಿಡು. ಆಡಿದ್ರ ನಾಕು ತುತ್ತು ತಿಂತದ."

"ನನ್ನ ಕೂಸು ಓಡ್ಯಾಡಿದಂಗ ಕೇಳಸ್ತದ. ಈ ಮನ್ಯಾಗ ಆಟದ ಸಪ್ಪಳ ನನಗ ತಡಿಯಾಕ ಆಗೂದಿಲ್ಲ."

ಮಾಂತು ಸ್ಪ್ರಿಂಗು ಎತ್ತಿ ಕಿಸೆಗೆ ಹಾಕಿಕೊಂಡ. ಬೆಕ್ಕು ಸ್ವಲ್ಪ ಹೊತ್ತು ಅವನ ಕೈಯನ್ನೇ ನೋಡುತ್ತ ಕೂತಿತ್ತು. ಮರುದಿನ ಅವನು, ಬೇರೆ ಕಡೆಯಾದರೂ ಆಡಿಕೊಂಡು ಬದುಕಲಿ ಎಂದು, ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಊರಿನ ಇನ್ನೊಂದು ತುದಿಯ ಯೆರವಡಾದಲ್ಲಿದ್ದ ಗೆಳೆಯ ದತ್ತುವಿನ ಮನೆಯಲ್ಲಿ ಬಿಟ್ಟುಬಂದ.

ಆ ರಾತ್ರಿ ದೀಪಾಲಿ ಬೆಕ್ಕಿಲ್ಲದ ಹಾಸಿಗೆಯನ್ನೊಮ್ಮೆ ನೋಡಿದಳು. ಅವಳು ಬಡಿಸಿದಳು, ಅವನು ತಲೆ ತಗ್ಗಿಸಿ ಉಂಡ.