ಈಜು ಬಾರದ ನೀರುನಾಯಿ

ಮುತ್ತಜ್ಜ ನೆರೆ ಬಂದ ಹೊಳೆಯಲ್ಲಿ ಇಡೀ ದಿಬ್ಬಣವನ್ನು ದೋಣಿಯಲ್ಲಿ, ಒಬ್ಬರ ಚಪ್ಪಲಿಯೂ ನೆನೆಯದಂತೆ, ಆಚೆ ದಡ ಮುಟ್ಟಿಸಿದವನು. ಅಜ್ಜ ಮೊಸಳೆಯ ಮೂತಿಗೆ ಒದ್ದು, ಉಳಿದ ಆಯುಷ್ಯವನ್ನೆಲ್ಲ ಅದನ್ನು ಹೇಳಿಕೊಂಡೇ ಕಳೆದವನು. ಅಪ್ಪ ಬಲೆ ಬೀಸಿ ಬರಿಗೈಲಿ ಬಂದವನಲ್ಲ. ಮೂರು ತಲೆಮಾರು ಹೊಳೆಯನ್ನೇ ಉಂಡ ಈ ಮನೆತನದಲ್ಲಿ ಒಬ್ಬನಿಗೂ ಈಜು ಬರುತ್ತಿರಲಿಲ್ಲ. ಈಜು ಕಲಿತರೆ ದೋಣಿಯನ್ನು ನಂಬಿಲ್ಲ ಎಂದಂತೆ. ಅದು ಮನೆಯ ಕಟ್ಟಳೆ.

ಈಗ ಹೊಳೆಸಾಲಿನ ಮಕ್ಕಳಿಗೆಲ್ಲ ಈಜು ಕಲಿಸುವ ಮುದುಕಿ ಈ ಮನೆಯವಳೇ. ಆಗ ಅವಳಿಗೆ ಒಂಬತ್ತು ವರ್ಷ, ಎಲ್ಲರ ಬಾಯಲ್ಲೂ ಗಿಡ್ಡಿ.

ದಡ ಕುಸಿದು ಬಿಲದಿಂದ ಹೊರಬಿದ್ದ ನೀರುನಾಯಿಯ ಮರಿಯನ್ನು ಗಿಡ್ಡಿ ಲಂಗದಲ್ಲಿ ಸುತ್ತಿ ತಂದಳು. ದೊರೆ ಎಂದು ಕರೆದಳು. ಒಲೆಯ ಮಗ್ಗುಲಲ್ಲಿ ಹಾಸಿಗೆ, ಮುಳ್ಳು ಬಿಡಿಸಿದ ಮೀನು, ತುತ್ತು ತುತ್ತಾಗಿ.

"ನಿನ್ನ ತಮ್ಮನಿಗೂ ಇಷ್ಟು ನಾಜೂಕಾಗಿ ಉಣಿಸಿಲ್ಲ ನೀನು," ಎಂದಳು ಅವ್ವ.

"ಅವನಿಗೆ ಹಲ್ಲಿದೆಯಲ್ಲವ್ವ."

ದೊರೆಗೂ ಹಲ್ಲು ಬಂದವು. ಬುಟ್ಟಿಯ ಮೀನು ಅರ್ಧಕ್ಕರ್ಧ ಅದರ ಹೊಟ್ಟೆಗೇ ಹೋಗತೊಡಗಿತು. ನೀರೆಂದರೆ ಮಾತ್ರ ಅದಕ್ಕೆ ಆಗದು. ಸೂರಿನಿಂದ ಒಂದು ಹನಿ ಬಿದ್ದರೂ ಓಡಿಹೋಗಿ ಅವ್ವನ ಸೀರೆಯೊಳಗೆ ನುಸುಳುತ್ತಿತ್ತು.

ಅಪ್ಪನಿಗೆ ಸಾಕಾಯಿತು. "ಮುಂದಿನ ವಾರ ಚರ್ಮದ ವ್ಯಾಪಾರಿ ಬರ್ತಾನೆ. ಅಷ್ಟರೊಳಗೆ ಅದು ಒಂದೇ ಒಂದು ಮೀನು ತಾನಾಗಿ ಹಿಡೀಲಿ, ಇಟ್ಕೋ. ಇಲ್ಲಾಂದ್ರೆ ಅವನ ಗಾಡಿಗೆ."

ಗಿಡ್ಡಿ ಅದನ್ನು ಹೊಳೆಗೆ ಇಳಿಸಿದಳು. ಅದು ಅವಳ ನೆತ್ತಿ ಏರಿ ಕೂತಿತು. ದೋಣಿಯಲ್ಲಿ ಕೂತ ಅಪ್ಪ, ಚಿಕ್ಕಪ್ಪ ಧಾರಾಳವಾಗಿ ಬುದ್ಧಿ ಹೇಳಿದರು.

"ಕಾಲು ಬಡಿಯೋಕೆ ಹೇಳೇ ಅದಕ್ಕೆ," ಎಂದ ಚಿಕ್ಕಪ್ಪ.

"ನೀನೇ ಇಳಿದು ಒಂದ್ಸಲ ತೋರಿಸು ಚಿಕ್ಕಪ್ಪ."

ಚಿಕ್ಕಪ್ಪನಿಗೆ ಆ ಗಳಿಗೆಯಲ್ಲೇ ದೋಣಿಯ ಹಗ್ಗ ಸಡಿಲವಾದದ್ದು ಕಣ್ಣಿಗೆ ಬಿತ್ತು.

ಬೇರೆ ದಾರಿ ಇರಲಿಲ್ಲ, ಗಿಡ್ಡಿ ತಾನೇ ಈಜಿ ತೋರಿಸಬೇಕು. ಮೊದಲ ದಿನ ಮೊಣಕಾಲು, ಮೂರನೆಯ ದಿನ ಎದೆಮಟ್ಟ. ನಾಳೆ ವ್ಯಾಪಾರಿ ಬರುತ್ತಾನೆಂಬ ದಿನ ಗಿಡ್ಡಿ ದೊರೆಯನ್ನು ಹೆಗಲಿಗೇರಿಸಿಕೊಂಡು ನೆಲ ಸಿಗದ ಕಡೆಗೇ ನಡೆದಳು. ಇಬ್ಬರೂ ಮುಳುಗಿದರು. ಅವಳು ಕೈಕಾಲು ಬಡಿದು, ಅರ್ಧ ಹೊಳೆ ಕುಡಿದು, ಹೇಗೋ ಮೇಲೆ ಬಂದಳು. ದೊರೆ ಬರಲಿಲ್ಲ. ಅವಳು ಕೆಮ್ಮುತ್ತಲೇ ಸುತ್ತ ನೀರು ತಡಕಿದಳು. ಆಮೇಲೆ ಮಾರು ದೂರದಲ್ಲಿ ಮೂತಿಯೊಂದು ಎದ್ದಿತು. ಹಲ್ಲಿನಲ್ಲಿ ಬೆರಳುದ್ದದ ಮೀನು. ಮುಳ್ಳುಸಮೇತ ಅಗಿದು ಮತ್ತೆ ಮುಳುಗಿತು.

ಮಗಳು ಇನ್ನೂ ಏಳುತ್ತ ಬೀಳುತ್ತ ಇದ್ದಳು. ಬಿಳಿಚಿಕೊಂಡ ಅಪ್ಪ ದೋಣಿ ತಂದು ಹುಟ್ಟು ಚಾಚಿದ. "ಹಿಡ್ಕೊಳೇ ತಾಯಿ, ಹಿಡ್ಕೋ."

ಗಿಡ್ಡಿ ಬಾಯಿಯ ನೀರು ಉಗಿದಳು. "ಬೇಡ, ಹಿಂದಕ್ಕೆ ತಗೋ ಅಪ್ಪ. ಹುಟ್ಟು ಕಂಡ್ರೆ ದೊರೆ ಮತ್ತೆ ಹತ್ತಿ ಕೂತ್ಕೊಳತ್ತೆ. ನಾವಿಬ್ರೂ ಈಗ ತಾನೇ ಶುರು ಮಾಡಿದ್ದೀವಿ."